ದೋಣಿಯಿಂದ ಕಂಡ ಕಾಶಿ, ಗಲ್ಲಿಯಿಂದ ಕಂಡ ಕಾಶಿ

ಮದುವೆಮನೆಯಲ್ಲಿ ಮದುಮಗ ಕೊಡೆ ಹಿಡಿದು ಕಾಶಿಗೆ ಹೊರಡುವ ಶಾಸ್ತ್ರ ಕನ್ನಡಿಗರಲ್ಲಿ ಇಂದಿಗೂ ಇದೆ. ಓದಿಗೆ, ವೈರಾಗ್ಯಕ್ಕೆ, ಕೊನೆಗಾಲಕ್ಕೆ ಹೋಗುವ ಊರು ಅದು. ಬಣ್ಣದ ಪೆಟ್ಟಿಗೆ ಹಿಡಿದು ಚಿತ್ರ ಬರೆಯಲು ಹೋಗುವ ಊರಾಗಿ ಅದು ಬದಲಾದದ್ದು ಹೇಗೆ? ಉತ್ತರದ ಒಂದು ತುದಿ ಇಟಲಿಯಲ್ಲಿದೆ.

ಹದಿನೆಂಟನೆಯ ಶತಮಾನದ ಸಿರಿವಂತ ಇಂಗ್ಲಿಷರಿಗೆ ಇಟಲಿಯ ಪ್ರವಾಸವೆಂದರೆ ವಿದ್ಯಾಭ್ಯಾಸದ ಕೊನೆಯ ಪಾಠ. ಅವರ ಹಿಂದೆಯೇ ಚಿತ್ರಕಾರರೂ ಹೋದರು. ರೋಮಿನ ಸುತ್ತಲಿನ ಹಳ್ಳಿಗಾಡಿನಲ್ಲಿ ಅವರು ಒಂದು ಕ್ರಮ ಕಲಿತರು: ಮುಂದೆ ಕಪ್ಪು ಮರ, ನಡುವೆ ಹೊಳೆಯುವ ನೀರು, ಹಿಂದೆ ಹಳೆಯ ಕಟ್ಟಡ, ಮೇಲೆ ಹೊಂಬಣ್ಣದ ಆಕಾಶ. 1750ರ ದಶಕದಲ್ಲಿ ಇಟಲಿಯಲ್ಲಿದ್ದು ಇದನ್ನು ಕಲಿತವರಲ್ಲಿ ರಿಚರ್ಡ್ ವಿಲ್ಸನ್ ಒಬ್ಬ. ಅವನ ಶಿಷ್ಯ ವಿಲಿಯಂ ಹಾಜಸ್. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿ ಚಿತ್ರಕಾರನಾಗಿದ್ದ ಹಾಜಸ್, 1781ರಲ್ಲಿ ವಾರನ್ ಹೇಸ್ಟಿಂಗ್ಸ್‌ನ ಜೊತೆ ಕಾಶಿಗೆ ಬಂದ.

ಅದು ವಿಹಾರದ ಪ್ರಯಾಣವಾಗಿರಲಿಲ್ಲ. ರಾಜಾ ಚೇತ್ ಸಿಂಗ್‌ನಿಂದ ಹಣ ವಸೂಲು ಮಾಡಲು ಹೇಸ್ಟಿಂಗ್ಸ್ ಬಂದಿದ್ದ. ಊರು ದಂಗೆಯೆದ್ದು, ಅವನು ಚುನಾರ್ ಕೋಟೆಗೆ ಓಡಬೇಕಾಯಿತು. ಆದರೂ ಹಾಜಸ್ ಕಾಶಿಯ ಘಾಟುಗಳನ್ನು ಬರೆದ. ನದೀತೀರದಲ್ಲಿ ಸಹಗಮನವೊಂದನ್ನು ಕಣ್ಣಾರೆ ಕಂಡು, 1793ರ ತನ್ನ ಪ್ರವಾಸಕಥನದಲ್ಲಿ ಅದರ ವಿವರವನ್ನೂ ಚಿತ್ರವನ್ನೂ ಸೇರಿಸಿದ. ಚೆಂದದ ನೋಟ ಹುಡುಕಿ ಬಂದವನ ಕಣ್ಣಿಗೆ ಆ ಊರು ಏನೇನು ತೋರಿಸೀತು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

1788ರಲ್ಲಿ ಕಲ್ಕತ್ತೆಯಿಂದ ಗಂಗೆಯ ಗುಂಟ ಹೊರಟ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಕೂಡ ಕಾಶಿಯಲ್ಲಿ ಇಳಿದರು. ಅವರ ಮುದ್ರಿತ ಚಿತ್ರಗಳು ಇಂಗ್ಲೆಂಡಿನ ಮನೆಗಳಲ್ಲಿ ಕಾಶಿಯ ರೂಪವನ್ನು ಗಟ್ಟಿಮಾಡಿದವು. ಇಂಥ ಚಿತ್ರಗಳಲ್ಲಿ ಹೆಚ್ಚಿನವು ನೀರಿನ ಕಡೆಯಿಂದ ಬರೆದವು. ಅದಕ್ಕೆ ಸರಳ ಕಾರಣವಿದೆ. ಊರು ಗಂಗೆಯ ಪಶ್ಚಿಮ ದಂಡೆಯಲ್ಲಿ ಬಿಲ್ಲಿನಂತೆ ಬಾಗಿದೆ. ಎದುರು ದಂಡೆ ಬರೀ ಮರಳು. ಬೆಳಗಿನ ಬಿಸಿಲು ಘಾಟುಗಳ ಮುಖಕ್ಕೇ ಬೀಳುತ್ತದೆ. ಭೂದೃಶ್ಯ ಬರೆಯಲು ಬೇಕಾದ ದೂರ ನದಿಯ ಮೇಲಷ್ಟೇ ಸಿಗುತ್ತದೆ. ದಂಡೆಯ ಮೇಲಿನ ಮನುಷ್ಯರು ಆ ದೂರದಲ್ಲಿ ಚುಕ್ಕೆಗಳಾಗುತ್ತಾರೆ.

ಮೆಟ್ಟಿಲು ಹತ್ತಿ ಒಳಗೆ ಹೋದರೆ ಆ ದೂರ ಮುಗಿಯಿತು. ದಶಾಶ್ವಮೇಧದಿಂದ ದಕ್ಷಿಣಕ್ಕೆ, ಕೇದಾರ ಘಾಟಿನ ದಿಕ್ಕಿಗೆ, ನದಿಗೆ ಸಮನಾಗಿ ಸಾಗುವ ಗಲ್ಲಿಗಳ ಹೆಣಿಗೆಯೇ ಬಂಗಾಲಿ ಟೋಲಾ. ಎದುರಿನಿಂದ ಗೂಳಿ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಬಂಗಾಳದ ಜಮೀನ್ದಾರರು, ಪಂಡಿತರು, ಮೇಷ್ಟರುಗಳು, ಕಾಶಿವಾಸಕ್ಕೆಂದು ಕಳಿಸಲ್ಪಟ್ಟ ವಿಧವೆಯರು ತಲೆಮಾರುಗಳ ಕಾಲ ಇಲ್ಲಿ ನೆಲೆಸಿದರು. ಬಂಗಾಲಿ ಟೋಲಾ ಶಾಲೆ ಶುರುವಾದದ್ದು 1854ರಲ್ಲಿ. ಕನ್ನಡಿಗರಿಗೂ ಈ ಭಾಗ ಹೊಸದಲ್ಲ: ಮೊಘಲರ ಫರ್ಮಾನುಗಳನ್ನು ಕಾಪಿಟ್ಟುಕೊಂಡಿರುವ ವೀರಶೈವರ ಜಂಗಮವಾಡಿ ಮಠ ಇದರ ನೆರೆಯಲ್ಲೇ ಇದೆ.

ಊರಿನ ಒಳಗನ್ನು ಗಂಭೀರವಾಗಿ ಬರೆದ ಮೊದಲಿಗರಲ್ಲಿ ಜೇಮ್ಸ್ ಪ್ರಿನ್ಸೆಪ್ ಮುಖ್ಯ. ಅವನು ಪ್ರವಾಸಿಯಲ್ಲ, ಟಂಕಸಾಲೆಯ ನೌಕರ. 1820ರಿಂದ ಹತ್ತು ವರ್ಷ ಕಾಶಿಯಲ್ಲಿದ್ದ. ನಗರದ ನಕ್ಷೆ ಮಾಡಿದ, ಜನಗಣತಿ ಮಾಡಿದ, ಗಲೀಜು ನೀರು ಹರಿಯಲು ನೆಲದಡಿ ಸುರಂಗ ಹಾಕಿಸಿದ. 1830ರ ದಶಕದ ಆರಂಭದಲ್ಲಿ ಪ್ರಕಟವಾದ ಅವನ ಕಾಶಿಯ ಚಿತ್ರಸಂಪುಟದಲ್ಲಿ ಘಾಟುಗಳ ಜೊತೆಗೆ ಬೀದಿ, ಹಬ್ಬ, ಕಟ್ಟಡದ ಅಳತೆಗಳೂ ಇವೆ. ಚರಂಡಿಗಾಗಿ ಗಲ್ಲಿ ಗಲ್ಲಿ ಅಳೆದವನಿಗೆ ಗಲ್ಲಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದವನೂ ಇವನೇ. ಕನ್ನಡ ಲಿಪಿಯ ಮೂಲವೂ ಆ ಬ್ರಾಹ್ಮಿಯೇ.

1873ರ ಡಿಸೆಂಬರಿನಲ್ಲಿ ಎಡ್ವರ್ಡ್ ಲಿಯರ್ ಬಂದ. ವೈಸರಾಯ್ ನಾರ್ತ್‌ಬ್ರೂಕ್‌ನ ಆಹ್ವಾನದ ಮೇಲೆ ಭಾರತಕ್ಕೆ ಬಂದಿದ್ದ ಅವನು ರೋಮಿನಲ್ಲಿ ವರ್ಷಗಟ್ಟಲೆ ಇದ್ದವನು, ಇಟಲಿಯ ಹಳ್ಳಿಗಳನ್ನು ಸುತ್ತಿ ಚಿತ್ರಪುಸ್ತಕ ತಂದವನು. ಡೇನಿಯಲ್ಲರ ಚಿತ್ರ ನೋಡಿ, ಕಾಶಿಯೆಂದರೆ ಮಂಕು ಬಣ್ಣದ ಗಂಭೀರ ಊರು ಎಂದುಕೊಂಡಿದ್ದ. ಬಂದು ನೋಡಿದರೆ ಬಣ್ಣ, ಗದ್ದಲ, ಸಡಗರ. ಇದರ ಮುಂದೆ ನೇಪಲ್ಸ್ ಕೂಡ ಸಪ್ಪೆ ಎಂದು ದಿನಚರಿಯಲ್ಲಿ ಬರೆದುಕೊಂಡ. ಎಂಬತ್ತು ವರ್ಷ ಇಂಗ್ಲೆಂಡಿನವರು ನಂಬಿದ್ದ ಕಾಶಿ, ಮುದ್ರಣದ ಮಸಿಯಲ್ಲಿ ಬಣ್ಣ ಕಳೆದುಕೊಂಡ ಕಾಶಿಯಾಗಿತ್ತು.

ಬಂದವರಲ್ಲಿ ಬಹುಕಾಲ ಉಳಿದವರೂ ಇದ್ದಾರೆ. ಸ್ವಿಸ್ ಕಲಾವಿದೆ ಆಲಿಸ್ ಬೋನರ್ ಹುಟ್ಟಿದ್ದು 1889ರಲ್ಲಿ, ಇಟಲಿಯ ಲೆನ್ಯಾನೋದಲ್ಲಿ. ಆಕೆಯನ್ನು ಭಾರತದ ಕಡೆ ಸೆಳೆದದ್ದು ನರ್ತಕ ಉದಯ ಶಂಕರ್ ಅವರ ಸ್ನೇಹ. ಆ ಮನೆಯ ಕಿರಿಯ ಮಗ ರವಿಶಂಕರ್ 1920ರಲ್ಲಿ ಹುಟ್ಟಿದ್ದು ಕಾಶಿಯ ಬಂಗಾಲಿಗಳ ನಡುವೆಯೇ. 1936ರಿಂದ 1978ರವರೆಗೆ ಬೋನರ್ ಅಸ್ಸಿಯಲ್ಲಿ ವಾಸವಿದ್ದರು. ಚಿತ್ರ, ಶಿಲ್ಪದಿಂದ ಶುರುಮಾಡಿ ಶಿಲ್ಪಶಾಸ್ತ್ರದ ಅಧ್ಯಯನಕ್ಕೆ ಹೊರಳಿದರು. ಗುಹಾ ದೇವಾಲಯಗಳ ಶಿಲ್ಪಗಳ ವಿನ್ಯಾಸ ಕುರಿತ ಅವರ 1962ರ ಪುಸ್ತಕದಲ್ಲಿ ನಮ್ಮ ಬಾದಾಮಿಯೂ ಇದೆ.

ಬಂಗಾಲಿಗಳ ಕಾಶಿ ಜಗತ್ತಿಗೆ ಕಂಡದ್ದು 1956ರ 'ಅಪರಾಜಿತೊ' ಸಿನಿಮಾದಲ್ಲಿ. ಸತ್ಯಜಿತ್ ರೇ ಘಾಟುಗಳನ್ನು ಸ್ಥಳದಲ್ಲೇ ಚಿತ್ರೀಕರಿಸಿದರು. ಆದರೆ ಅಪುವಿನ ಕುಟುಂಬದ ಮನೆ ಕಲ್ಕತ್ತೆಯ ಸ್ಟುಡಿಯೊದಲ್ಲಿ ಬನ್ಸಿ ಚಂದ್ರಗುಪ್ತ ಕಟ್ಟಿಸಿದ ಸೆಟ್. ಅಂಥ ಮನೆಯ ನಡುಅಂಗಳಕ್ಕೆ ಬಿಸಿಲು ನೇರ ಬೀಳದು. ಮೇಲಿನಿಂದ ನೆರಳಿಲ್ಲದ ಮೆತ್ತನೆ ಬೆಳಕು ಇಳಿಯುತ್ತದೆ. ಅದನ್ನು ತರಲು ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಹರಡಿ, ದೀಪದ ಬೆಳಕನ್ನು ಅದಕ್ಕೆ ಬಡಿಸಿ ಕೆಳಕ್ಕೆ ತಿರುಗಿಸಿದರು. ಮರುವರ್ಷ ವೆನಿಸ್‌ನಲ್ಲಿ ಸಿನಿಮಾಕ್ಕೆ ಗೋಲ್ಡನ್ ಲಯನ್ ಬಂತು. ಇಟಲಿಯಿಂದ ಬಂದ ಕಣ್ಣು ನದಿಯ ಬೆಳಕನ್ನು ಒಯ್ದಿತ್ತು. ಇಟಲಿಗೆ ಹೋದದ್ದು ಮನೆಯೊಳಗಿನ ಬೆಳಕು.

1960ರ ಸುಮಾರಿಗೆ ಎಂ.ಎಫ್. ಹುಸೇನ್ ಮತ್ತು ರಾಮ್‌ಕುಮಾರ್ ಚಿತ್ರ ಬರೆಯಲೆಂದೇ ಜೊತೆಯಾಗಿ ಕಾಶಿಗೆ ಹೋದರು. ಅದುವರೆಗೆ ರಾಮ್‌ಕುಮಾರ್ ಚಿತ್ರಗಳ ತುಂಬ ನಗರದ ಒಂಟಿ ಮನುಷ್ಯರಿದ್ದರು. ಕಾಶಿಯ ನಂತರ ಮನುಷ್ಯರು ಹೋದರು. ಒಂದಕ್ಕೊಂದು ಒತ್ತಿಕೊಂಡ ಮನೆಗಳು, ಕೆಸರಿನ ಬಣ್ಣ, ಕತ್ತಲೆಯ ಕಿಂಡಿಗಳು ಉಳಿದವು. ಡೇನಿಯಲ್ಲರ ಕಾಲದಲ್ಲಿ ದೂರದಿಂದಾಗಿ ಮನುಷ್ಯರು ಚುಕ್ಕೆಗಳಾಗಿದ್ದರು. ಇಲ್ಲಿ ಅವರು ಇಲ್ಲದಿರುವುದೇ ನೋಡುವವರನ್ನು ಕಾಡುತ್ತದೆ.

ಈಗ ಕಾಶಿಗೆ ಆ ದೂರವನ್ನು ಒಳಗೂ ತರಲಾಗಿದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮಕ್ಕಾಗಿ ಲಾಹೋರಿ ಟೋಲಾದಂಥ ಹಳೆಯ ಕೇರಿಯ ಮನೆಗಳು ನೆಲಸಮವಾದವು. ಗಂಗೆಯಿಂದ ಗುಡಿಯವರೆಗೆ ನೇರ ನೋಟ ತೆರೆದುಕೊಂಡಿತು. ಯಾತ್ರಿಕರಿಗೆ ಅನುಕೂಲವಾಯಿತು, ಅಲ್ಲಿದ್ದವರ ಅಂಗಳಗಳು ಹೋದವು. ಅಲ್ಲಿಂದ ಸ್ವಲ್ಪವೇ ದಕ್ಷಿಣದ ಬಂಗಾಲಿ ಟೋಲಾ ಇನ್ನೂ ಇಕ್ಕಟ್ಟಾಗಿಯೇ ಇದೆ. ಹಲವು ಹಳೆಯ ಮನೆಗಳು ಗೆಸ್ಟ್‌ಹೌಸ್‌ಗಳಾಗಿವೆ. ಸ್ಕೆಚ್‌ಬುಕ್ ಹಿಡಿದು ಬರುವವರು ಇಂದಿಗೂ ಬೆಳಗಿನ ದೋಣಿಯನ್ನೇ ಮೊದಲು ಹತ್ತುತ್ತಾರೆ. ಗಲ್ಲಿಯನ್ನು ಬರೆಯಬೇಕೆನ್ನುವವರು ಮಾತ್ರ ಯಾರದೋ ಮನೆಯ ಜಗಲಿಯ ಮೇಲೆ ಕೂರಬೇಕು, ಅದಕ್ಕೂ ಮೊದಲು ಆ ಮನೆಯವರನ್ನು ಮಾತಾಡಿಸಬೇಕು.