ಮಕ್ಕಳ ಆಟಗಳ ಪೂರ್ವೋತ್ತರ

ಮಕ್ಕಳ ಆಟಕ್ಕೂ ಒಂದು ಚರಿತ್ರೆಯುಂಟೆ ಎಂದು ಮಿತ್ರರೊಬ್ಬರು ನಕ್ಕರು. ರಾಜರ ಯುದ್ಧಗಳನ್ನು ಇಸವಿಸಹಿತ ಬಾಯಿಪಾಠ ಮಾಡಿಸುವ ಅಧ್ಯಾಪಕನಾದ ನಾನೂ ಮೊದಲು ಆ ನಗುವಿನಲ್ಲಿ ಸೇರಿದೆನೆಂಬುದನ್ನು ಶ್ರೋತೃಗಳ ಮುಂದೆ ಒಪ್ಪಿಕೊಳ್ಳಬೇಕು. ಚರಿತ್ರೆಯೇನೋ ಉಂಟು. ಆದರೆ ಅದನ್ನು ಮೊದಮೊದಲು ಹೇಳಿಟ್ಟವರು ಆಟವನ್ನು ಮೆಚ್ಚಿದವರಲ್ಲ, ಬೇಡವೆಂದವರು.

ನಮ್ಮ ದೇಶದ ಆಟಗಳ ಬಹು ಪ್ರಾಚೀನವಾದ ಪಟ್ಟಿಯೊಂದು ದೊರೆಯುವುದು ಪಾಲಿಯ ದೀಘನಿಕಾಯದಲ್ಲಿ, ಬ್ರಹ್ಮಜಾಲ ಸುತ್ತದಲ್ಲಿ. ಭಕ್ತರು ಕೊಟ್ಟ ಅನ್ನವನ್ನುಂಡು ಕೆಲವರು ಸಂನ್ಯಾಸಿಗಳು ಇಂತಿಂಥ ವಿನೋದಗಳಲ್ಲಿ ಕಾಲ ಕಳೆಯುವರು, ಗೌತಮನಾದರೋ ಅವುಗಳಿಂದ ದೂರ, ಎಂಬುದು ಅಲ್ಲಿನ ಮಾತು. ಪರಿಹಾರಪಥವೆಂಬುದೊಂದು ಆಟ: ನೆಲದ ಮೇಲೆ ಗೆರೆಗಳ ಮಂಡಲವನ್ನು ಬರೆದು, ಮೆಟ್ಟಬಾರದ ಎಡೆಯನ್ನು ತಪ್ಪಿಸಿ ಸಾಗುವುದು. ನಮ್ಮ ಕುಂಟೆಬಿಲ್ಲೆಗೆ ಇದು ದೂರದ ನಂಟನೆನ್ನಲು ಅಡ್ಡಿಯಿಲ್ಲ. ಉದ್ದದ ಕೋಲಿನಿಂದ ಗಿಡ್ಡದ ಕೋಲನ್ನು ಹೊಡೆಯುವ ಘಟಿಕವು ಚಿನ್ನಿದಾಂಡಲ್ಲದೆ ಮತ್ತೇನು? ಲಾಗ ಹಾಕುವುದೂ ಉಂಟು, ಗಾಳಿಗೆ ತಿರುಗುವ ಗರಿಯ ಗಿರಿಗಟ್ಟಲೆಯೂ ಉಂಟು. ಕುಂಟರನ್ನೂ ಕುರುಡರನ್ನೂ ಅಣಕಿಸುವ ಕೆಟ್ಟ ಆಟವೂ ಪಟ್ಟಿಯಿಂದ ತಪ್ಪಿಲ್ಲ. ಕಾಷಾಯಧಾರಿಗಳು ಲಾಗ ಹಾಕುತ್ತಿದ್ದರೆಂಬುದನ್ನು ನೆನೆದರೆ ನನಗೆ ಅವರ ಮೇಲೆ ಕೋಪ ಬರುವುದಿಲ್ಲ.

ಇವೆಲ್ಲ ಅಂಗಳದ ಆಟಗಳು. ಒಳಮನೆಯಲ್ಲಿ, ಇನ್ನೂ ನಡೆಯಲು ಬಾರದ ಕೂಸಿನೊಡನೆ ತಾಯಂದಿರು ಆಡುತ್ತಿದ್ದ ಆಟಗಳನ್ನು ಪಂಡಿತರು ಬರೆವಣಿಗೆಗೆ ಯೋಗ್ಯವೆಂದು ಎಣಿಸಿದ್ದು ಅಪರೂಪ. ಆ ಕೆಲಸವನ್ನು ಮನಸ್ಸಿಟ್ಟು ಮಾಡಿದವನು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್. 1782ರಲ್ಲಿ ಹುಟ್ಟಿದ ಇವನಿಗೆ ವರ್ಷ ತುಂಬುವುದರೊಳಗೆ ತಾಯಿ ತೀರಿಕೊಂಡಳು. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಲೋಕಕ್ಕೆ ಕೊಟ್ಟವನು ಇವನೇ. 1844ರಲ್ಲಿ ತಾಯಂದಿರ ಹಾಡು ಮತ್ತು ಆಟಗಳ ಪುಸ್ತಕವೊಂದನ್ನು ಹೊರತಂದನು. ಅದರಲ್ಲಿ ಒಂದು ಆಟವಿದೆ: ಅಂಗಾತನೆ ಮಲಗಿದ ಕೂಸು ಕಾಲು ಝಾಡಿಸುವಾಗ ತಾಯಿ ತನ್ನ ಅಂಗೈಗಳನ್ನು ಅದರ ಪಾದಗಳಿಗೆ ಎದುರಾಗಿ ಒಡ್ಡುವಳು, ಕೂಸು ಅವನ್ನು ಒದೆದು ತನ್ನ ಬಲವನ್ನು ತಾನೇ ಅರಿಯುವುದು. ತಾಯಿಯ ಮುಖವನ್ನು ನೆನಪಿಟ್ಟುಕೊಳ್ಳಲಾರದಷ್ಟು ಎಳೆತನದಲ್ಲಿ ಅವಳನ್ನು ಕಳೆದುಕೊಂಡವನು ಇದನ್ನು ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ನೋಡಿ ಕಲಿತನೋ!

ಇಂಥವನ ಶಿಶುಶಾಲೆಗಳನ್ನು ಪ್ರಷ್ಯಾದ ಸರ್ಕಾರವು 1851ರಲ್ಲಿ ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಕಲಿಸುತ್ತವೆಂಬುದು ಆಪಾದನೆ. ಅಣ್ಣನ ಮಗ ಕಾರ್ಲನ ಬರಹವನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದರು. ಫ್ರೋಬೆಲನು ಮರುವರ್ಷವೇ ತೀರಿಕೊಂಡನು. ನಿಷೇಧವು ತೆಗೆಯಲ್ಪಟ್ಟದ್ದು 1860ರಲ್ಲಿ.

ಈ ಕಥೆಯನ್ನು ನಮ್ಮ ತಾಯಿಯವರಿಗೆ ಹೇಳಿದೆ. ಅವರು ಮೊಮ್ಮಗನ ಮುಂದೆ ಕುಳಿತು, ಅವನ ಕಾಲಿಗೆ ಅಂಗೈ ಒಡ್ಡಿ, “ಇದಕ್ಕೂ ಪುಸ್ತಕ ಬರೆದನೇನಪ್ಪ?” ಎಂದರು.