ಮೆಣಸಿನಕಾಯಿ ಇಲ್ಲದ ಸಾರು

ನಮ್ಮ ಹಾನಗಲ್ಲಿಗೆ ವಿರಾಟನಗರ ಅಂತ ಇನ್ನೊಂದು ಹೆಸರಿದೆ. ಪಾಂಡವರು ಅಜ್ಞಾತವಾಸ ಮಾಡಿದ್ದು ಇಲ್ಲೇ ಅಂತ ಊರಿನವರ ನಂಬಿಕೆ. ಕುಂತಿಯ ಹೆಸರಿನ ದಿಬ್ಬವೂ ಒಂದಿದೆ. ರಾಜಸ್ಥಾನದ ಬೈರಾಟಿನವರೂ ಇದನ್ನೇ ಹೇಳ್ತಾರೆ, ಆ ಜಗಳ ಈಗ ಬೇಡ :) ನನಗೆ ಈ ಕಥೆಯಲ್ಲಿ ಹಿಡಿಸೋದು ಭೀಮನ ಸಂಗತಿ. ವಲಲ ಅಂತ ಹೆಸರಿಟ್ಟುಕೊಂಡು ವಿರಾಟನ ಅಡುಗೆಮನೆ ಸೇರಿದನಲ್ಲ, ಅಂಥಾ ಊಟದ ಆಸಾಮಿ ಒಂದು ವರ್ಷ ಅಲ್ಲಿ ಬೇಯಿಸಿದ್ದಾದರೂ ಏನು? ಕೀಚಕನನ್ನು ಹೇಗೆ ಕೊಂದ ಅಂತ ಹಳ್ಳಿ ಹುಡುಗರೂ ಹೇಳ್ತಾರೆ. ಗಡಿಗೆಯಲ್ಲಿ ಏನಿತ್ತು ಅಂತ ಮಾತ್ರ ಯಾರೂ ಕೇಳೋದಿಲ್ಲ.

ಅದು ಪುರಾಣ, ಬಿಡಿ. ಆದರೆ ಚರಿತ್ರೆಯಲ್ಲೂ ಹೆಚ್ಚುಕಡಿಮೆ ಹಿಂಗೇ. ಯಾರು ಯಾವ ಕೋಟೆ ಹಿಡಿದರು ಅಂತ ಶಾಸನ ಇದೆ, ವೀರಗಲ್ಲು ಇದೆ. ಆ ಕೋಟೆಯ ಹೊರಗಿದ್ದ ಕುರುಬ, ಬೇಡ, ಒಕ್ಕಲಿಗರ ಮನೆಯಲ್ಲಿ ಹಬ್ಬದ ದಿನ ಏನು ಬೇಯುತ್ತಿತ್ತು ಅಂತ ಹುಡುಕಿದರೆ ಕೈಗೆ ಏನೂ ಸಿಗೋದಿಲ್ಲ.

ಈ ತಲೆಬಿಸಿ ಶುರುವಾದದ್ದು ಒಂದು ವಿದೇಶಿ ಸಾರಿನಿಂದ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ದೇಶದವರು 'ಕೌಲ್' ಅಂತ ಒಂದು ಮಾಂಸ-ತರಕಾರಿ ಸಾರು ಮಾಡ್ತಾರೆ (ನಮ್ಮ ಕೌಲು-ಕರಾರಿನ ಕೌಲಲ್ಲ!). ಮಾಡೋದು ಬಹಳ ಸುಲಭ. ನಾನು ಮನೆಯಲ್ಲಿ ಮಾಡುವ ರೀತಿ ಹೇಳ್ತೀನಿ.

ಎಲುಬು ಸಮೇತ 1 ಕೆಜಿ ಕುರಿ ಮಾಂಸ, ಕುತ್ತಿಗೆಯ ಭಾಗ ಆದರೆ ಒಳ್ಳೆಯದು. ಸುಮಾರು ಎರಡೂವರೆ ಲೀಟರ್ ನೀರು, ಉಪ್ಪು, ಹತ್ತು-ಹನ್ನೆರಡು ಕಾಳುಮೆಣಸು. ಕುಕ್ಕರ್ ಬೇಡ, ಸಣ್ಣ ಉರಿಯಲ್ಲಿ ಎರಡು ತಾಸು ಕುದಿಯಲಿ, ಮೇಲೆ ಬರುವ ನೊರೆ ತೆಗೀತಾ ಇರಬೇಕು. ಆಮೇಲೆ ಮೂರು ಗಜ್ಜರಿ, ಒಂದು ಟರ್ನಿಪ್ ಅಥವಾ ನವಿಲುಕೋಸು, ನಾಲ್ಕು ಬಟಾಟಿ, ಎಲ್ಲಾ ದಪ್ಪ ದಪ್ಪ ಹೆಚ್ಚಿ ಹಾಕೋದು. ಕೊನೆಗೆ ಲೀಕ್. ಅದು ಉಳ್ಳಾಗಡ್ಡಿಯ ಬಳಗದ ಗಿಡ, ವೇಲ್ಸಿನವರ ರಾಷ್ಟ್ರೀಯ ಗುರುತು. ಹಾನಗಲ್ ಸಂತೆಯಲ್ಲಿ ಎಲ್ಲಿ ಸಿಗಬೇಕು? ಉಳ್ಳಾಗಡ್ಡಿ ತಪ್ಪಲ ಹಾಕಿದರೆ ನಡೀತದೆ. ಒಗ್ಗರಣೆ ಇಲ್ಲ, ಮಸಾಲಿ ಖಾರ ಇಲ್ಲ, ಕೊಬ್ಬರಿ ಇಲ್ಲ. ರಾತ್ರಿ ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಕೊಬ್ಬು ತೆಗೆದು, ಮರುದಿನ ಕಾಯಿಸಿ ತಿನ್ನಬೇಕು. ನಿನ್ನೆಯ ಸಾರೇ ರುಚಿ ಅಂತ ಅವರೂ ಹೇಳ್ತಾರೆ. ಹಾಗೆ ಮತ್ತೆ ಕಾಯಿಸಿದ್ದಕ್ಕೆ ಅವರ ಭಾಷೆಯಲ್ಲಿ ಬೇರೆ ಹೆಸರೇ ಇದೆ. ಹಿಂದೆ ಮರದ ಬಟ್ಟಲು, ಮರದ ಚಮಚ. ಮೊದಲು ತಿಳಿ ಕುಡಿದು ಆಮೇಲೆ ಮಾಂಸ-ತರಕಾರಿ ತಿನ್ನೋದು. ಜೊತೆಗೆ ಬ್ರೆಡ್ಡು, ಚೀಸು. ನಮ್ಮಲ್ಲಿ ಜೋಳದ ರೊಟ್ಟಿ ಮುರಿದು ನೆನೆಸಿದರೂ ಚೆನ್ನಾಗೇ ಇರ್ತದೆ. "ಮಾಂಸ ತಿನ್ನುವುದೂ ಒಂದೇ, ಸಾರು ಕುಡಿಯುವುದೂ ಒಂದೇ" ಅನ್ನುವ ಅರ್ಥದ ಗಾದೆ ಅವರಲ್ಲಿದೆ. ಬಡವರ ಮನೆಯ ಗಾದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಈಗ ಚರಿತ್ರೆಗೆ ಬರೋಣ. ಕೌಲ್ ಅನ್ನುವ ಶಬ್ದ ವೆಲ್ಷ್ ಬರವಣಿಗೆಯಲ್ಲಿ 14ನೇ ಶತಮಾನದಿಂದ ಸಿಗ್ತದೆ. ಆದರೆ ಇವತ್ತಿನ 'ಸಾಂಪ್ರದಾಯಿಕ' ಕೌಲ್ ಇದೆಯಲ್ಲ, ಅದರ ಡಿಪೆಂಡೆನ್ಸಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಮಜಾ ಇದೆ. ಬಟಾಟಿ ದಕ್ಷಿಣ ಅಮೆರಿಕದ್ದು. ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ, ವೇಲ್ಸಿನ ಹೊಲಗಳಲ್ಲಿ ನೆಲೆಯಾದದ್ದು 18ನೇ ಶತಮಾನದಲ್ಲಿ. ಅವರು ಹಾಕುವ ಸ್ವೀಡ್ ಅನ್ನುವ ಗಡ್ಡೆ ಹೆಸರೇ ಹೇಳುವಂತೆ ಸ್ವೀಡನ್ನಿನಿಂದ 18ನೇ ಶತಮಾನದ ಕೊನೆಯ ಹೊತ್ತಿಗೆ ಬಂದದ್ದು. ಇವೆರಡನ್ನೂ ತೆಗೆದರೆ ಉಳಿಯೋದು ಉಪ್ಪು ಹಚ್ಚಿಟ್ಟ ಮಾಂಸ, ಲೀಕ್, ಕೋಸು, ಗಟ್ಟಿಯಾಗಲು ಒಂದು ಹಿಡಿ ಓಟ್ಸ್ ಹಿಟ್ಟು. ಅದು ಹಳೆಯ ವರ್ಷನ್.

ಕೋಸು ಅಂದೆನಲ್ಲ, ಅಲ್ಲೊಂದು ತಮಾಷೆ ಇದೆ. ಕೌಲ್ ಅನ್ನುವ ಹೆಸರನ್ನು ವಿದ್ವಾಂಸರು ಲ್ಯಾಟಿನ್ನಿನ 'ಕೌಲಿಸ್'ಗೆ ಜೋಡಿಸ್ತಾರೆ. ಕೌಲಿಸ್ ಅಂದರೆ ಗಿಡದ ದಂಟು, ಕೋಸಿನ ಗಿಡ. ಇದೇ ಕೌಲಿಸ್ ಪೋರ್ಚುಗೀಸರ ಬಾಯಲ್ಲಿ 'ಕೋವಿ' ಆಯ್ತು, ಅದು ಗೋವಾಕ್ಕೆ ಬಂದು ಮರಾಠಿಯಲ್ಲಿ 'ಕೋಬಿ' ಆಯ್ತು, ಅಲ್ಲಿಂದ ನಮ್ಮ ಧಾರವಾಡ ಸೀಮೆಯ ಸಂತೆಗೂ ಬಂತು. ಅಂದರೆ ವೇಲ್ಸಿನ ಅಜ್ಜಿಯ ಕೌಲ್, ಸಂತೆಯ ಕೋಬಿ ಎರಡೂ ದಾಯಾದಿಗಳು. 'ಬಟಾಟಿ' ಬಂದದ್ದೂ ಅದೇ ಪೋರ್ಚುಗೀಸರ ಹಡಗಿನಲ್ಲಿ.

ಇದನ್ನೆಲ್ಲ ಓದುವಾಗ ನಮ್ಮ ಮಟನ್ ಸಾರಿಗೂ ಇದೇ ಲಾಜಿಕ್ ಹಚ್ಚಿ ನೋಡೋಣ ಅನ್ನಿಸ್ತು. ಹಾನಗಲ್ಲಿನಿಂದ ಬ್ಯಾಡಗಿ ದೂರವೇನಲ್ಲ. ಅಲ್ಲಿನ ಸುಕ್ಕು ಸುಕ್ಕಾದ ಕೆಂಪು ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಕ ಪಡೆಯಿತು. ಖಾರ ಕಮ್ಮಿ, ಬಣ್ಣ ಜಾಸ್ತಿ. ಅದಿಲ್ಲದ ಸಾರು ನಮ್ಮ ಕಡೆ ಸಾರೇ ಅಲ್ಲ. ಆದರೆ ಮೆಣಸಿನಕಾಯಿ ಅಮೆರಿಕದ ಗಿಡ. ಕೊಲಂಬಸ್ ಅತ್ತ ಹೋಗಿದ್ದು 1492ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅದಕ್ಕೂ ಮೊದಲು ಇಲ್ಲಿ ಬ್ಯಾಡಗಿ ಕಾಯಿಯ ಪ್ರಶ್ನೆಯೇ ಇಲ್ಲ. ನಮ್ಮ ಭಾಷೆಯೇ ಇದನ್ನು ನೆನಪಿಟ್ಟುಕೊಂಡಿದೆ ನೋಡಿ. ಮೆಣಸು ಅಂದರೆ ಕಾಳುಮೆಣಸು, ಅದರಂತೆ ಖಾರ ಇರುವ ಕಾಯಿ ಮೆಣಸಿನಕಾಯಿ. ಹೊಸಬನಿಗೆ ಹಳಬನ ಹೆಸರು. ಕರಾವಳಿಯವರು ಹಳಬನನ್ನು 'ಒಳ್ಳೆಮೆಣಸು' ಅಂತ ಬೇರೆ ಮಾಡಿ ಕರೀತಾರೆ.

ಲೆಕ್ಕ ಹಿಂಗಾಯ್ತು: ವೇಲ್ಸಿನವರ ಸಾರಿನಲ್ಲಿರುವ ಒಂದೇ ಒಂದು ಖಾರದ ವಸ್ತು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯದ್ದು. ನಮ್ಮ ಸಾರಿನ ಖಾರ ಅಮೆರಿಕದ್ದು :)

ಹಾಗಾದರೆ ಮೆಣಸಿನಕಾಯಿಗಿಂತ ಮುಂಚಿನ ನಮ್ಮ ಅಡುಗೆ ಹೇಗಿತ್ತು? ಕನ್ನಡದಲ್ಲಿ ಇದಕ್ಕೆ ದಾಖಲೆ ಇದೆ, ಅದು ನಮ್ಮ ಪುಣ್ಯ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆ ಅಂತಲೇ ಒಂದು ಅಧ್ಯಾಯ ಇದೆ. ಸುಮಾರು 1508ರಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಇಡೀ ಪುಸ್ತಕವನ್ನೇ ಪದ್ಯದಲ್ಲಿ ಬರೆದ. ಇಸವಿ ಗಮನಿಸಿ, ಗೋವಾ ಬೀಳುವುದಕ್ಕೆ ಎರಡು ವರ್ಷ ಮೊದಲು! ಬಟಾಟಿ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಇಲ್ಲದ ಕನ್ನಡದ ಅಡುಗೆಮನೆಯ ಕೊನೆಯ ಫೋಟೋ ಅದು. ಆದರೆ ಮಂಗರಸ ಜೈನ. ಅವನ ಪುಸ್ತಕದಲ್ಲಿ ಮಾಂಸ ಇಲ್ಲ, ಇರೋದಕ್ಕೆ ಸಾಧ್ಯವೂ ಇಲ್ಲ. ನಮ್ಮ ಸೀಮೆಯೂ ಒಂದು ಕಾಲಕ್ಕೆ ಜೈನ ವಿದ್ಯೆಯ ತವರು. ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ, ಲೋಕಾದಿತ್ಯ ಆಳುತ್ತಿದ್ದಾಗ, 898ರಲ್ಲಿ ಗುಣಭದ್ರರ 'ಉತ್ತರಪುರಾಣ'ಕ್ಕೆ ಪೂಜೆಯಾಯಿತು. ಬರೆಯುವ ಕೈಗಳು ಮಾಂಸ ಮುಟ್ಟದ ಕೈಗಳು. ಅದು ಅವರ ಧರ್ಮ, ತಪ್ಪೇನಿಲ್ಲ. ಬರೆಯದೇ ಉಳಿದದ್ದನ್ನು 'ಇರಲೇ ಇಲ್ಲ' ಅಂತ ನಾವು ಓದಿಕೊಳ್ಳೋದಿದೆಯಲ್ಲ, ತೊಂದರೆ ಅಲ್ಲಿದೆ.

ಮಾಂಸದಡುಗೆ ಬರೆದವನು ಒಬ್ಬ ರಾಜ, ಅದೂ ಸಂಸ್ಕೃತದಲ್ಲಿ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ', ಸುಮಾರು 1130. ಅದರ 'ಅನ್ನಭೋಗ'ದಲ್ಲಿ ಕುರಿ, ಹಂದಿ, ಮೀನು, ಆಮೆ, ಸುಟ್ಟ ಹೊಲದ ಇಲಿಯವರೆಗೆ ಎಲ್ಲವೂ ಇದೆ. ಮಾಂಸದ ಜೊತೆ ಕಾಳು, ತರಕಾರಿ ಸೇರಿಸಿ ಬೇಯಿಸುವ ಬಗೆಗಳೂ ಇವೆ. ಖಾರಕ್ಕೆ ಕಾಳುಮೆಣಸು, ಶುಂಠಿ, ಪರಿಮಳಕ್ಕೆ ಇಂಗು. ಆಗ ನಮ್ಮ ಪಾನುಂಗಲ್ಲನ್ನು ಆಳುತ್ತಿದ್ದ ಹಾನಗಲ್ ಕದಂಬರು ಇದೇ ಚಾಲುಕ್ಯರ ಮಾಂಡಲಿಕರು. ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಕೆತ್ತಿದ್ದು ಅದೇ 12ನೇ ಶತಮಾನ. ಆದರೂ ಇದು ಅರಮನೆಯ ತಾಟು. ಆ ಛತ್ತಿಗೆ ಕಲ್ಲು ಹೊತ್ತವರ ಗಡಿಗೆ ಇಲ್ಲೂ ಕಾಣೋದಿಲ್ಲ.

ನನಗೆ ಆ ಹಳೆಯ ಗಡಿಗೆಯ ವಾಸನೆ ಹತ್ತಿರದಲ್ಲಿ ಎಲ್ಲಾದರೂ ಸಿಕ್ಕರೆ ಅದು ಸವಣೂರು, ಬಂಕಾಪುರದ ಕಡೆಯ ದಾಲ್ಚಾದಲ್ಲಿ. ದಖ್ಖನಿ ಮುಸ್ಲಿಮರ ಮದುವೆ ಊಟದಲ್ಲಿ ಕುಷ್ಕಾ ಜೊತೆ ಬಡಿಸ್ತಾರಲ್ಲ, ಅದೇ. ಕಡ್ಲಿಬ್ಯಾಳಿ, ಕುರಿ ಮಾಂಸ, ಸೋರೆಕಾಯಿ ಅಥವಾ ಬದನೆಕಾಯಿ, ಹುಣಸೆಹುಳಿ, ಅರಿಸಿನ. ಸವಣೂರಿನ ನವಾಬಿ ಶುರುವಾದದ್ದು 17ನೇ ಶತಮಾನದ ಕೊನೆಗೆ, ಔರಂಗಜೇಬನಿಂದ ಜಹಗೀರು ಪಡೆದ ಅಬ್ದುಲ್ ರವೂಫ್ ಖಾನನಿಂದ. 'ಹೊರಗಿನವರ' ಅಡುಗೆ ಅಂತ ಕೆಲವರು ಮೂಗು ಮುರೀತಾರೆ. ಮೆಣಸಿನಕಾಯಿ, ಟೊಮ್ಯಾಟೊ ಎರಡನ್ನು ಪಕ್ಕಕ್ಕಿಟ್ಟು ನೋಡಿ: ಉಳಿದ ಸಾಮಾನೆಲ್ಲ ಸೋಮೇಶ್ವರನ ಅಡುಗೆಯವನಿಗೂ ಗೊತ್ತಿದ್ದದ್ದೇ. ಬೇಳೆ-ತರಕಾರಿ-ಮಾಂಸ ಒಂದೇ ಪಾತ್ರೆಯಲ್ಲಿ. ಹೊರಗಿನದು ಯಾವುದು, ಒಳಗಿನದು ಯಾವುದು?

ಸವಣೂರಿನಲ್ಲೇ ಇದಕ್ಕೆ ಉತ್ತರವೂ ನಿಂತಿದೆ. ಅಲ್ಲಿನ ಮಠದ ಆವರಣದಲ್ಲಿರುವ ಭಾರೀ ಬಾವೋಬಾಬ್ ಮರಗಳು ಆಫ್ರಿಕಾದ ಜಾತಿ. ಜನ 'ದೊಡ್ಡ ಹುಣಸೆ' ಅಂತ ಹೆಸರಿಟ್ಟರು, ಕೃಷ್ಣ ನೆಟ್ಟದ್ದು ಅಂತ ಕಥೆ ಕಟ್ಟಿದರು, ಮಠಕ್ಕೂ ಅದೇ ಹೆಸರು ಬಂತು. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿಬಿದ್ದಾಗ ಎತ್ತಿ ಮತ್ತೆ ನೆಟ್ಟರು. ಆಫ್ರಿಕಾದ ಮರಕ್ಕಾಗಿ ಮರುಗಿದ ಜನ ಇವರು. ಪ್ರೀತಿಸಿದ್ದು ನಮ್ಮದಾಗ್ತದೆ, ಅಷ್ಟೇ.

ಇದೆಲ್ಲ ಈಗ ಯಾಕೆ ಅಂದರೆ, 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಬಾಡೂಟ ಬೇಕೋ ಬೇಡವೋ ಅಂತ ದೊಡ್ಡ ವಾದ ನಡೀತಲ್ಲ, ಆಗ 'ನಮ್ಮ ಪರಂಪರೆ' ಅನ್ನುವ ಮಾತು ಎರಡೂ ಕಡೆಯಿಂದ ಧಾರಾಳವಾಗಿ ಕೇಳಿಬಂತು. ಪರಂಪರೆ ಅಂತ ನಾವು ಹೇಳೋದು ಬಹುಮಟ್ಟಿಗೆ ಬರೆದಿಟ್ಟವರ ಪರಂಪರೆ. ಬರೆಯದವರದ್ದು ನಾಲಿಗೆಯ ಮೇಲೆ ಮಾತ್ರ ಇದೆ, ಆ ನಾಲಿಗೆಗಳಿಗೆ ವಯಸ್ಸಾಗಿದೆ.

ವೇಲ್ಸಿನವರು ಈ ಕೆಲಸವನ್ನು ಸರಿಯಾದ ಹೊತ್ತಿನಲ್ಲಿ ಮಾಡಿಕೊಂಡರು. ಕಾರ್ಡಿಫ್ ಹತ್ತಿರದ ಸೇಂಟ್ ಫೇಗನ್ಸ್‌ನಲ್ಲಿ 1948ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯ ಇದೆ. ಅಲ್ಲಿನ ಮಿನ್ವೆಲ್ ಟಿಬಟ್ ಅನ್ನುವ ಹೆಣ್ಣುಮಗಳು ಊರೂರಿನ ಮುದುಕಿಯರನ್ನು ಮಾತಾಡಿಸಿ, ಯಾವ ಮಾಂಸ, ಯಾವಾಗ ಯಾವ ಸೊಪ್ಪು, ಯಾವ ಪಾತ್ರೆ ಅಂತ ಕೇಳಿ ದಾಖಲಿಸಿದರು. 1976ರಲ್ಲಿ ಅದು ಪುಸ್ತಕವಾಯಿತು. ಇವತ್ತು ಹಾನಗಲ್ಲಿನಲ್ಲಿ ಕೂತವನೊಬ್ಬ ಕೌಲ್ ಮಾಡಬಹುದು ಅಂದರೆ ಅದರ ಹಿಂದೆ ಇಂಥವರ ದುಡಿಮೆ ಇದೆ.

ನಮಗೆ ಮ್ಯೂಸಿಯಂ ಬೇಕಾಗಿಲ್ಲ, ಯೂನಿಕೋಡ್ ಇದೆಯಲ್ಲ! ನಿಮ್ಮ ಅಜ್ಜಿ, ದೊಡ್ಡವ್ವ, ಮನೆ ಪಕ್ಕದ ಖಾಲಾ, ಯಾರಾದರೂ ಸರಿ. ಕೂತು ಕೇಳಿ. "ರುಚಿಗೆ ತಕ್ಕಷ್ಟು" ಅಂದರೆ ಬಿಡಬೇಡಿ, ಎಷ್ಟು ಅಂತ ಅಳೆದು ನೋಡಿ. ಬರಗಾಲದ ವರ್ಷ ಏನು ಹಾಕ್ತಿದ್ದರು, ಮಾಂಸ ಸಾಲದಿದ್ದಾಗ ಯಾವ ಕಾಳು ಸೇರಿಸ್ತಿದ್ದರು, ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಂಡವರು ಯಾರು, ಅವರಿಗೆ ಎಷ್ಟು ಉಳೀತಿತ್ತು ಅನ್ನೋದನ್ನೂ ಕೇಳಿ. ಬರೆದು ಹಾಕಿ, ಲಿಂಕ್ ಕಳಿಸಿ. ನಾನು ಹಾನಗಲ್ ಕಡೆಯ ಸಾರಿನಿಂದ ಶುರು ಮಾಡ್ತೀನಿ.