ರೈಟ್ಸ್‌ಬರೊ: ಕ್ವೇಕರರು ಬಿಟ್ಟು ನಡೆದ ಊರು

ಅಮೆರಿಕದ ಜಾರ್ಜಿಯಾದ ರೈಟ್ಸ್‌ಬರೊದಲ್ಲಿ ಹಳೆಯ ಚರ್ಚಿನ ಪಕ್ಕ ಒಂದು ಸ್ಮಶಾನವಿದೆ. ಊರು ಕಟ್ಟಿದವರು ಕ್ವೇಕರರು. ಪಾದ್ರಿಗಳಿಲ್ಲದೆ ಮೌನವಾಗಿ ಕೂತು ಪ್ರಾರ್ಥಿಸುವ, ಆಯುಧ ಹಿಡಿಯಲೊಲ್ಲದ ಕ್ರೈಸ್ತರು. 1768ರಲ್ಲಿ ಗವರ್ನರ್ ಜೇಮ್ಸ್ ರೈಟ್ ಅವರಿಗಾಗಿ ಗಡಿಸೀಮೆಯಲ್ಲಿ ಸುಮಾರು 40,000 ಎಕರೆ ಕಾದಿರಿಸಿದ. ಅವರಲ್ಲೊಬ್ಬನಾದ ಜೋಸೆಫ್ ಮ್ಯಾಡಕ್ ಮುಂದಾಗಿ ನಾರ್ತ್ ಕ್ಯಾರೊಲಿನಾದ ಕುಟುಂಬಗಳನ್ನು ಕರೆತಂದ. ಅದು ಕ್ರೀಕ್ ಮೂಲನಿವಾಸಿಗಳಿಂದ ಕೆಲವೇ ವರ್ಷಗಳ ಹಿಂದೆ ಬಿಡಿಸಿಕೊಂಡ ನೆಲ. ಶಾಂತಿವಾದಿಗಳ ಊರು ಇನ್ನೊಬ್ಬರನ್ನು ಹಿಂದೆ ಸರಿಸಿದ ಜಾಗದಲ್ಲೇ ಎದ್ದಿತೆಂಬುದನ್ನು ಅವರ ಗುಣಗಾನ ಮಾಡುವವರು ಮರೆಯುತ್ತಾರೆ.

1773ರಲ್ಲಿ ಅಲ್ಲಿ ಕ್ವೇಕರರ ತಿಂಗಳ ಸಭೆ, ಅಂದರೆ ಸದಸ್ಯತ್ವದ ಲೆಕ್ಕ ಇಡುವ ಸ್ಥಳೀಯ ಸಂಘಟನೆ, ಶುರುವಾಯಿತು. ಮೂರು ದಶಕ ಕಳೆಯುವಷ್ಟರಲ್ಲಿ ಬಹುಪಾಲು ಮನೆಗಳವರು ಗಾಡಿ ಕಟ್ಟಿ ಒಹಾಯೊ ಕಡೆ ಹೊರಟಿದ್ದರು. ಮಣ್ಣು ಸವೆದಿತ್ತು, ಉತ್ತರದಲ್ಲಿ ಜಮೀನು ಅಗ್ಗವಿತ್ತು ಎಂಬ ವಿವರಣೆಯನ್ನು ತಳ್ಳಿಹಾಕಲಾಗದು. ಆದರೆ ಅದೊಂದೇ ಸಾಲದು. ಅಗ್ಗದ ಜಮೀನಷ್ಟೇ ಬೇಕಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ: 1805ರಲ್ಲಿ ಜಾರ್ಜಿಯಾ ಸರ್ಕಾರವೇ ಲಾಟರಿ ಎತ್ತಿ, ಹೆಸರಿಗಷ್ಟೇ ಶುಲ್ಕ ಪಡೆದು ಹೊಸ ಜಮೀನು ಹಂಚಿತು. ಸ್ವಾತಂತ್ರ್ಯ ಯುದ್ಧದ ಹಿಂಸೆ ಓಡಿಸಿತೆನ್ನೋಣವೇ? ಯುದ್ಧ 1783ಕ್ಕೇ ಮುಗಿದಿತ್ತು. ಸಭೆ ಆಮೇಲೂ ಇಪ್ಪತ್ತು ವರ್ಷ ನಡೆಯಿತು. ಆ ಇಪ್ಪತ್ತು ವರ್ಷಗಳಲ್ಲಿ ಬದಲಾದದ್ದು ಗುಲಾಮಗಿರಿಯ ಬಲ. 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಜಾರ್ಜಿಯಾದಲ್ಲೇ ಹುಟ್ಟಿತು. ಹತ್ತಿ ಹಬ್ಬಿದಂತೆ ಗುಲಾಮರನ್ನು ಕೊಳ್ಳುವ ಭರಾಟೆಯೂ ಏರಿತು. 1801ರ ಕಾನೂನು, ಶಾಸನಸಭೆಯ ಒಪ್ಪಿಗೆಯಿಲ್ಲದೆ ಗುಲಾಮರನ್ನು ಬಿಡುಗಡೆ ಮಾಡಕೂಡದು ಎಂದಿತು. ಕ್ವೇಕರ ಪಂಥ ಗುಲಾಮರನ್ನು ಬಿಡು ಎನ್ನುತ್ತಿತ್ತು, ಸರ್ಕಾರ ಬಿಡಬೇಡ ಎನ್ನುತ್ತಿತ್ತು. ಗುಲಾಮರನ್ನೇ ಇಟ್ಟುಕೊಳ್ಳದವನಿಗೇನು ತೊಂದರೆ ಎಂದು ಕೇಳಬಹುದು. ಕೂಲಿ ಕೊಡದೆ ದುಡಿಸುವ ನೆರೆಯವನ ಎದುರು ಸ್ವಂತ ಕೈಯಿಂದ ಉಳುವವನು ಎಷ್ಟು ದಿನ ನಿಂತಾನು? ಅದರ ಮೇಲೆ, ಮಕ್ಕಳು ಆ ಬದುಕಿಗೇ ಒಗ್ಗಿಹೋಗುವ ಅಂಜಿಕೆ ಬೇರೆ. ಒಹಾಯೊ ನದಿಯ ಉತ್ತರಕ್ಕಾದರೋ 1787ರ ಕಾಯಿದೆ ಗುಲಾಮಗಿರಿಯನ್ನು ನಿಷೇಧಿಸಿತ್ತು.

ಸ್ಮಶಾನ ಇದಾವುದನ್ನೂ ಹೇಳುವುದಿಲ್ಲ. ಗೋರಿಯ ಮೇಲೆ ಹೆಸರು ಕೆತ್ತಿಸುವುದನ್ನು ಅಂದಿನ ಕ್ವೇಕರರು ಆಡಂಬರವೆಂದು ಒಲ್ಲೆನ್ನುತ್ತಿದ್ದರು. ಹೀಗಾಗಿ ಅಲ್ಲಿ ಹೆಸರು ಓದಬಲ್ಲ ಕಲ್ಲುಗಳು ಹೆಚ್ಚಾಗಿ ಆಮೇಲೆ ಬಂದವರವು. ಕಲ್ಲೆಣಿಸಿ ಚರಿತ್ರೆ ಬರೆದರೆ ಕಟ್ಟಿದವರೇ ಬಿಟ್ಟುಹೋಗುತ್ತಾರೆ. ಹೋಗುವಾಗ ಅವರು ಸಭೆಯಿಂದ ವರ್ಗಾವಣೆ ಪತ್ರ ಪಡೆದೇ ಹೋಗುತ್ತಿದ್ದರು, ಹೊಸ ಸಭೆ ಅದನ್ನು ದಾಖಲಿಸಿಕೊಳ್ಳುತ್ತಿತ್ತು. ರೈಟ್ಸ್‌ಬರೊವನ್ನು ತಿಳಿಯಬೇಕಾದವರು ಜಾರ್ಜಿಯಾದ ಸ್ಮಶಾನಕ್ಕಿಂತ ಮೊದಲು ಒಹಾಯೊದ ವೇನ್ಸ್‌ವಿಲ್‌ನಲ್ಲಿದ್ದ ಮಯಾಮಿ ಸಭೆಯ ದಾಖಲೆಗಳನ್ನು ನೋಡಬೇಕು.